ಸೀರೆ ಬದಲಿಸಿಕೊಂಡ ಸುಗುಣಮ್ಮ

'ಆಗುವುದಿಲ್ಲ' ಎಂಬ ಮಾತೊಂದನ್ನು ಬಿಟ್ಟರೆ ಸುಗುಣಮ್ಮನ ಕಿವಿಗೆ ಎಲ್ಲವೂ ಕೇಳಿಸುತ್ತಿತ್ತು. ಆಚೆ ಓಣಿಯಲ್ಲಿ ಕೂಸು ಕೆಮ್ಮಿದರೆ ಅದು ಬರೀ ನೆಗಡಿಯೋ, ಎದೆಯಲ್ಲಿ ಕಫ ಕಟ್ಟಿದೆಯೋ ಎಂದು ಈಚೆ ಓಣಿಯಿಂದಲೇ ಹೇಳುವ ಹೆಂಗಸು. ಅಂಥವರ ಮುಂದೆ ಯಾರಾದರೂ "ಆಗಂಗಿಲ್ರಿ ಸಿಸ್ಟರ್" ಎಂದರೆ ಮುಗಿಯಿತು. ಅವರ ಮನೆಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, "ಹ್ಞೂಂ, ದವಾಖಾನಿಗೆ ಯಾವಾಗ ಹೋಗೂಣು ಹೇಳ್ರಿ" ಎನ್ನುತ್ತಿದ್ದರು.

ನರ್ಸ್ ಕೆಲಸದಿಂದ ನಿವೃತ್ತರಾದ ಮೇಲೆ ಹೊಸಪೇಟೆಯ ಚರ್ಚೇ ಅವರಿಗೆ ಆಸ್ಪತ್ರೆ, ನನ್ನ ಟೆಂಪೋ ಟ್ರಾವೆಲರೇ ಆಂಬುಲೆನ್ಸ್. ನಾನು ಕಡ್ಡಿರಾಂಪುರದ ಹುಲುಗಪ್ಪ. ಟೂರಿಸ್ಟರನ್ನು ಹಂಪಿ ಸುತ್ತಿಸುವುದು ನನ್ನ ಕಸುಬು. ಸುಗುಣಮ್ಮ ಬಾಡಿಗೆಗೆ ಕರೆದರೆ ಗಾಡಿ ಹತ್ತುವ ಮೊದಲು ನನ್ನ ತೋಳಿಗೆ ಬಿಪಿ ಪಟ್ಟಿ ಸುತ್ತುತ್ತಿದ್ದರು. "ಲೇ ಹುಲುಗ, ಗಾಡಿ ಬ್ರೇಕ್ ಆಮ್ಯಾಲೆ ನೋಡೂಣು. ಮೊದ್ಲು ನಿಂದು ನೋಡ್ತೀನಿ." ಬಿಪಿ ಏರಿದ್ದರೆ ಮೆಣಸಿನಕಾಯಿ ಬಜ್ಜಿ ಬಂದ್. ಕದ್ದು ತಿಂದರೆ ಮುಂದಿನ ಸಲ ಆ ಪಟ್ಟಿಯೇ ಚಾಡಿ ಹೇಳುತ್ತಿತ್ತು. ನನಗೋ ಮೈಯೆಲ್ಲಾ ಉರಿಯುತ್ತಿತ್ತು. ಕಟ್ಟಿಕೊಂಡ ಹೆಂಡತಿಯೂ ನನ್ನನ್ನು ಇಷ್ಟು ಕಾಡಿದವಳಲ್ಲ.

ಒಂದು ವರ್ಷ ಕೋಲಾರದ ಕಡೆಯಿಂದ ಒಂದು ಚರ್ಚಿನ ಗುಂಪು ಮಿಷನ್ ಟ್ರಿಪ್ ಎಂದು ಬಂತು. ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟು, ಜೊತೆಗೆ ಗಿಟಾರು. ಒಂದು ದಿನ ಸೇವೆ, ಮರುದಿನ ಹಂಪಿ ನೋಡುವುದು. ಸೇವೆಯ ದಿನಕ್ಕೆ ಸುಗುಣಮ್ಮನೇ ಯಜಮಾನಿ. ಸಂಡೂರು ತಾಲೂಕಿನ ಬಂಡ್ರಿಯಲ್ಲಿ ಅಂಗನವಾಡಿಗೆ ಸುಣ್ಣ ಬಳಿಯಬೇಕು, ಕಣ್ಣಿಗೆ ಪೊರೆ ಬಂದ ಮುದುಕರನ್ನು ಹೊಸಪೇಟೆಗೆ ಕರೆದೊಯ್ಯಬೇಕು. ಗುಂಪಿನ ಜೊತೆ ಬಂದ ಕಣ್ಣಿನ ಡಾಕ್ಟರು ಅವತ್ತು ಮಾತ್ರ ಅಲ್ಲಿ ಪುಕ್ಕಟೆ ಆಪರೇಷನ್ ಮಾಡುವವರಿದ್ದರು. ಊರು ಮುಟ್ಟಿದ ಕೂಡಲೇ ಗುಂಪಿನ ಮುಂದಾಳು ಸ್ಯಾಮ್ಯುಯೆಲ್ ಗಿಟಾರು ಹೊರತೆಗೆದ. "ಅದನ್ನ ಒಳಗಿಡಪ್ಪ ತಮ್ಮಾ. ಹಾಡಿದ್ರ ಗೋಡಿಗೆ ಸುಣ್ಣ ಹತ್ತಂಗಿಲ್ಲ" ಎಂದು ಸುಗುಣಮ್ಮ ಅವನ ಕೈಗೆ ಬ್ರಶ್ಶು ಕೊಟ್ಟರು.

ಮುದುಕರೆಲ್ಲ ಗಾಡಿ ಹತ್ತಿದರು, ಹನುಮಕ್ಕಜ್ಜಿ ಮಾತ್ರ ಬರಲಿಲ್ಲ. ಅವಳ ಒಂದು ಕಣ್ಣು ಆಗಲೇ ಹೋಗಿತ್ತು. ಇನ್ನೊಂದರ ಪೊರೆ ಹಣ್ಣಾಗಿದೆ, ತಡಮಾಡಿದರೆ ಅದೂ ಉಳಿಯುವುದಿಲ್ಲ ಎಂದು ಹಿಂದೆ ನೋಡಿದ್ದ ಡಾಕ್ಟರು ಹೇಳಿದ್ದರು. ನಾವು ಹೋದಾಗ ಅಜ್ಜಿ ಎಮ್ಮೆಯ ಕೊರಳು ತಬ್ಬಿಕೊಂಡು ನಿಂತಿದ್ದಳು.

"ನಾ ಒಲ್ಲೆಯವ್ವಾ. ಈಕಿ ನನ್ನ ಬಿಟ್ಟು ಯಾರಿಗೂ ಹಾಲು ಕೊಡಂಗಿಲ್ಲ. ಬ್ಯಾರೇರು ಕೈ ಹಾಕಿದ್ರ ಒದಿತಾಳ, ಹಾಲು ಏರಿಸ್ಕೊಂತಾಳ. ಕಣ್ಣು ಬಂದು ಎಮ್ಮಿ ಬತ್ತಿದ್ರ ನಾ ಏನು ಉಣ್ಲಿ?"

ಪಕ್ಕದಲ್ಲಿ ಅವಳ ಮೈದುನನ ಮಗ ತಿಪ್ಪೇಶಿ ನಿಂತಿದ್ದ, ಅದಿರಿನ ಲಾರಿ ಓಡಿಸುವವನು. "ಕಣ್ಣು ಮಾಡ್ಸಿ ನಮ್ಮ ದೊಡ್ಡವ್ವನ್ನ ನಿಮ್ಮ ಮತಕ್ಕ ಸೇರಿಸ್ಕೊಂತೀರೇನು?" ಎಂದ.

"ಕಣ್ಣು ಬರ್ಲಿ ತಡೀಯಪ್ಪ. ಬಂದು ನಿಮ್ಮ ಹನುಮಪ್ಪನ್ನ ಕಣ್ತುಂಬ ನೋಡ್ಲಿ. ಈಗ ಅವನೂ ಈಕಿಗೆ ಕಾಣವಲ್ಲ" ಎಂದ ಸುಗುಣಮ್ಮ ಅಜ್ಜಿಯತ್ತ ತಿರುಗಿದರು. "ನಾ ಕಂಪ್ಲಿ ಒಕ್ಕಲಿಗರ ಮನ್ಯಾಗ ಬೆಳದಾಕಿ, ಎಮ್ಮಿ ಹಿಂಡೀನಿ. ನಿನ್ನ ಮೈಮ್ಯಾಲಿನ ಸೀರಿ ಕೊಡು. ನೀ ಬರೋಮಟ ಇಲ್ಲೇ ಇರ್ತೀನಿ."

ಎಮ್ಮೆ ಒಡತಿಯ ಸೀರೆಯ ವಾಸನೆಗೆ ಹಾಲು ಬಿಡುತ್ತದೆ. ಇದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಆದರೆ ಇಸ್ತ್ರಿ ಮಾಡಿದ ಬಿಳಿ ಸೀರೆಯ ಸಿಸ್ಟರ್ ಸಗಣಿ ಮೆತ್ತಿದ ಸೀರೆ ಉಡುತ್ತಾರೆ ಎಂದು ಯಾರಿಗೆ ಗೊತ್ತಿತ್ತು? ಇಬ್ಬರೂ ಒಳಗೆ ಹೋಗಿ ಬದಲಿಸಿಕೊಂಡು ಬಂದರು. ಸುಗುಣಮ್ಮನ ಬಿಳಿ ಸೀರೆಯಲ್ಲಿ ಅಜ್ಜಿಯನ್ನು ಕಂಡದ್ದೇ ತಡ, ತಿಪ್ಪೇಶಿ ನನ್ನ ಗಾಡಿಯ ಮುಂದೆ ಅಡ್ಡ ನಿಂತ. "ನೋಡ್ರಲೇ, ಆಗ್ಲೇ ಸಿಸ್ಟರ್ ಮಾಡಿಬಿಟ್ರು!" ಜನ ಸೇರಿತು. ಹೊಸಪೇಟೆಯಲ್ಲಿ ಡಾಕ್ಟರು ಕಾಯುತ್ತಿದ್ದರು.

ಆಗ ಬಾಯಿ ತೆರೆದದ್ದು ಅಜ್ಜಿಯೇ. "ಲೇ ಮೂಳಾ, ಎಮ್ಮಿ ಮೋಸ ಹೋಗ್ಲಿ ಅಂತ ಸೀರಿ ಬದಲಿ ಮಾಡೇವಿ. ನೀ ಯಾಕ ಮೋಸ ಹೋಗ್ತಿ? ಸರಿ ಅತ್ತಾಗ!"

ಇಡೀ ಊರು ನಕ್ಕಿತು. ತಿಪ್ಪೇಶಿ ಸರಿದು ನಿಂತ.

ಆ ಸಂಜೆಯ ಕಥೆಯನ್ನು ಸುಣ್ಣ ಬಳಿಯಲು ಉಳಿದಿದ್ದ ಸ್ಯಾಮ್ಯುಯೆಲ್ ನನಗೆ ಹೇಳಿದ. ಎಮ್ಮೆ ಮೊದಲ ಏಟಿಗೇ ಸುಗುಣಮ್ಮನ ಮೊಣಕಾಲಿಗೆ ಒದ್ದು, ಚೆಂಬು ಉರುಳಿಸಿತಂತೆ. ಹುಡುಗರೆಲ್ಲ "ಬಿಡಿ ಆಂಟಿ" ಎಂದು ಗೋಗರೆದರೂ ಅವರು ಸೆರಗನ್ನು ಮುಖ ಮುಚ್ಚುವಷ್ಟು ಎಳೆದುಕೊಂಡು ಮತ್ತೆ ಕೂತರಂತೆ. ಕರು ಬಿಟ್ಟು, ಕಟ್ಟಿ, ಮತ್ತೆ ಬಿಟ್ಟು, ಕತ್ತಲಾಗುವ ಹೊತ್ತಿಗೆ ಚೆಂಬು ತುಂಬಿತಂತೆ.

ಮರುದಿನ ನಾನು ಅಜ್ಜಿಯನ್ನು ಕರೆತಂದೆ. ಕಪ್ಪು ಕನ್ನಡಕ ಹಾಕಿಕೊಂಡು ಗಾಡಿಯಿಂದ ಇಳಿದವಳು ಮನೆ ನೋಡಲಿಲ್ಲ, ಎಮ್ಮೆ ನೋಡಲಿಲ್ಲ. ತನ್ನ ಸೀರೆಯುಟ್ಟು, ಅದನ್ನು ಮೊಣಕಾಲ ಮೇಲಕ್ಕೆ ಸಿಕ್ಕಿಸಿಕೊಂಡು ಕುಂಟುತ್ತಾ ಬಂದ ಹೆಂಗಸನ್ನೇ ನೋಡಿ, "ನಿನ್ನ ಮೊಣಕಾಲು ಬಾತೈತಲ್ಲಬೇ!" ಎಂದಳು. ಅಜ್ಜಿಗೆ ಕಂಡಿತು! ಸುಗುಣಮ್ಮ ಅಲ್ಲೇ ಕೂತು ಗಳಗಳನೆ ಅತ್ತರು. ನನಗೂ ಅಳು ಬಂತು, ಸುಳ್ಳು ಯಾಕೆ ಹೇಳಲಿ.

ಒಂದು ವಾರ ಅಜ್ಜಿ ಬಗ್ಗಬಾರದು ಎಂದು ಡಾಕ್ಟರು ಹೇಳಿದ್ದರು. ಹಾಗಾಗಿ ಗುಂಪಿನವರು ಹಂಪಿ ನೋಡಲು ಹೋದರೂ ಸುಗುಣಮ್ಮ ಬಂಡ್ರಿ ಬಿಡಲಿಲ್ಲ. ಅಜ್ಜಿ ಕಟ್ಟೆಯ ಮೇಲೆ ಕೂತು, "ಹಂಗ ಜಗ್ಗಬ್ಯಾಡ, ಮೆತ್ತಗ" ಎಂದು ದಿನಾ ಬೈದದ್ದೇ ಬೈದದ್ದು.

ಹೋದ ಮಳೆಗಾಲ ಸುಗುಣಮ್ಮ ತೀರಿಕೊಂಡರು. ಎದೆನೋವು ಎಂದರು, ಆಸ್ಪತ್ರೆ ಮುಟ್ಟುವುದರೊಳಗೆ ಹೋದರು. ನನ್ನ ಗಾಡಿಯಲ್ಲೇ ಹೋದರು. ಅದನ್ನು ಬರೆಯಲು ಕೈ ಬರುತ್ತಿಲ್ಲ.

ಮಣ್ಣಿಗೆ ಬಂಡ್ರಿಯಿಂದ ಹನುಮಕ್ಕಜ್ಜಿ ಬರುವಷ್ಟರಲ್ಲಿ ಶವದ ಪೆಟ್ಟಿಗೆಗೆ ಮೊಳೆ ಹೊಡೆದಾಗಿತ್ತು. ತಿಪ್ಪೇಶಿ ಅವಳ ಕೈ ಹಿಡಿದುಕೊಂಡಿದ್ದ. "ತಡ ಆಯ್ತಮ್ಮ, ಹೊರಗಿಂದಲೇ ಕೈ ಮುಗೀರಿ" ಎಂದರು ಪಾಸ್ಟರು. ಅಜ್ಜಿ ಪೆಟ್ಟಿಗೆಯ ಮೇಲೆ ಎರಡೂ ಕೈ ಊರಿದಳು.

"ಈ ಕಣ್ಣಿಗಾಗಿ ಈಕಿ ನನ್ನ ಎಮ್ಮಿ ಕೈಲೆ ಒದಿಸ್ಕೊಂಡಾಳ್ರಿ. ಈಗ ಈಕಿನ್ನ ನೋಡಬ್ಯಾಡ ಅಂದ್ರ ಈ ಕಣ್ಣು ತಗೊಂಡು ನಾ ಏನು ಮಾಡ್ಲಿ?"

ಪಾಸ್ಟರು ಪಕ್ಕಕ್ಕೆ ಸರಿದರು. ತಿಪ್ಪೇಶಿಯೇ ಮುಂದೆ ಬಂದು ಮೊಳೆ ಕಿತ್ತ. ಅಜ್ಜಿ ಬಗ್ಗಿ ನೋಡಿದಳು. ಕಣ್ಣು ಒರೆಸಿಕೊಂಡು ಮತ್ತೆ ನೋಡಿದಳು. ಅವಳು ಸಾಕು ಎನ್ನುವವರೆಗೂ ಯಾರೂ ಮುಚ್ಚಳಕ್ಕೆ ಕೈ ಹಚ್ಚಲಿಲ್ಲ.