ಗೌಸ ಸರ್ ಬರೆಯದ ಮೂರನೆಯ ಚೀಟಿ

ಹಾನಗಲ್ಲು, ಶಿಗ್ಗಾಂವ, ಸವಣೂರು, ಹಿರೇಕೆರೂರು ತಾಲ್ಲೂಕುಗಳಲ್ಲಿ ಯಾರ ಮನೆಯ ಗೋಡೆ ಕೆಡವುವಾಗಲಾಗಲಿ, ಯಾರ ಅಜ್ಜಿಯ ಸಂದೂಕ ತೆರೆಯುವಾಗಲಾಗಲಿ ಹಳೆಯ ನಾಣ್ಯವೊಂದು ಸಿಕ್ಕರೆ, ಅದು ಮೊದಲು ಬಂದು ಸೇರುತ್ತಿದ್ದುದು ಶಿಗ್ಗಾಂವದ ನಮ್ಮ ಕಾಲೇಜಿನ ಇತಿಹಾಸ ವಿಭಾಗದ ಕಿಟಕಿಯ ಪಕ್ಕದ ಮೇಜಿಗೆ. ಮೂವತ್ತನಾಲ್ಕು ವರ್ಷ ಆ ಮೇಜಿನ ಹಿಂದೆ ಕುಳಿತು ಪಾಠವನ್ನೂ ಪರೀಕ್ಷೆಯನ್ನೂ ನಾಣ್ಯವನ್ನೂ ಒಂದೇ ತಾಳ್ಮೆಯಿಂದ ನೋಡಿದ ಪೂಜ್ಯ ಗುರುಗಳಾದ ಪ್ರೊ. ಮಹಮ್ಮದಗೌಸ ಅವರು ಈ ತಿಂಗಳು ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ. ನಾಣ್ಯಶಾಸ್ತ್ರದಲ್ಲಿ ದಪ್ಪ ದಪ್ಪ ಗ್ರಂಥ ಬರೆದವರು ಬೇರೆಡೆ ಇದ್ದಾರು. ಬಡವರ ಮನೆಯ ಒಂದೇ ಒಂದು ನಾಣ್ಯದ ಮುಂದೆ ಇಷ್ಟು ಮರ್ಯಾದೆಯಿಂದ ಕುಳಿತವರನ್ನು ನಾನಂತೂ ಕಂಡಿಲ್ಲ.

ಈ ಲೇಖನವನ್ನು ನಾಲ್ಕು ಸಲ ಬರೆದು ನಾಲ್ಕು ಸಲ ಹರಿದಿದ್ದೇನೆ. ಅಭಿನಂದನ ಸಮಿತಿಯ ಕಾರ್ಯದರ್ಶಿ ಶಿದ್ಲಿಂಗಪ್ಪನವರು ದಿನಾ ಫೋನು ಮಾಡುತ್ತಾರೆ. "ತನುಜಾ ಮೇಡಂ, ಎಲ್ಲಾರದೂ ಬಂತು, ನಿಮ್ದೊಂದ ಉಳದೈತಿ. ಸರ್ ಗುಣಾ ಬರ್ಯಾಕ ಇಷ್ಟ್ಯಾಕ ತ್ರಾಸರೀ?" ಗುಣ ಬರೆಯಲು ತ್ರಾಸಿಲ್ಲ, ಪುಣ್ಯಾತ್ಮರೇ. ನನ್ನ ತಪ್ಪು ಬರೆಯದೆ ಅವರ ಗುಣ ಬರೆಯಲಾಗುತ್ತಿಲ್ಲ. ಕುಳಿತರೆ ಕುಳಿತಲ್ಲಿ ಕೂರಲಾರೆ, ಎದ್ದರೆ ಮತ್ತೆ ಬಂದು ಕೂರುತ್ತೇನೆ, ಹೀಗೆ ಹದಿನೈದು ದಿನವಾಯಿತು.

ಸವಣೂರಿನ ಎಲೆ ವ್ಯಾಪಾರಿಗಳ ಮನೆತನದಲ್ಲಿ ಹುಟ್ಟಿದ ಸರ್ 1991ರಲ್ಲಿ ಈ ಕಾಲೇಜಿಗೆ ಸೇರಿದರು. ತಿಳವಳ್ಳಿಯಿಂದ ನಾನು ವಿದ್ಯಾರ್ಥಿನಿಯಾಗಿ ಬಂದದ್ದು 2006ರಲ್ಲಿ. ಮೊದಲ ಕಿರುಪರೀಕ್ಷೆಯಲ್ಲಿ ಹದಿನಾಲ್ಕು ಅಂಕ ಬಂದಾಗ, ಹುಟ್ಟಾ ಸಿಟ್ಟಿನವಳಾದ ನಾನು ಉತ್ತರಪತ್ರಿಕೆಯನ್ನು ಅವರ ಮೇಜಿನ ಮೇಲೆ ಒಗೆದಿದ್ದೆ. ಅವರು ಬೈಯಲಿಲ್ಲ. "ಇರ್ಲಿ ಬಿಡು. ಇವತ್ತ ನೋಡ್ತೇನಿ, ನಾಳೆ ನೋಡ್ತೇನಿ, ನಾಡದ ನೋಡ್ತೇನಿ. ಒಂದ ದಿನಾ ನೋಡಿದ್ರ ನನ್ನ ಕಣ್ಣ ಮೋಸಾ ಮಾಡಬಹುದು" ಎಂದರು. ಮೂರನೆಯ ದಿನ ಎರಡು ಅಂಕ ಹೆಚ್ಚಿಸಿ, ನನ್ನನ್ನು ಕೂರಿಸಿಕೊಂಡು ನಾನು ಬರೆದ ಏಳು ತಪ್ಪುಗಳನ್ನೂ ತೋರಿಸಿದರು.

ನಾಣ್ಯಕ್ಕೂ ಅವರದು ಇದೇ ಕ್ರಮ. ಅಂಚನ್ನಷ್ಟೇ ಹಿಡಿದು, ತೂಗಿ ಸಾಚಾ ಹೌದೋ ಅಲ್ಲವೋ ನೋಡಿ, ಕಿಟಕಿಯ ಬೆಳಕಿನಲ್ಲಿ ಓರೆಮಾಡಿ, ರಾಜನ ಕೆನ್ನೆಯೂ ಗಡ್ಡವೂ ಸವೆದಿವೆಯೇ ಎಂದು ಭೂತಗನ್ನಡಿಯಿಂದ ಪರೀಕ್ಷಿಸಿ, ಎಪ್ಪತ್ತಕ್ಕೆ ಎಷ್ಟು ಅಂಕ ಬರಬಹುದೆಂದು ಒಂದು ಚೀಟಿಯಲ್ಲಿ ಬರೆದು ಮಡಿಚಿಡುತ್ತಿದ್ದರು. ಹೀಗೆ ಮೂರು ಬೇರೆ ದಿನ, ಹಿಂದಿನ ಚೀಟಿ ನೋಡದೆ, ಮೂರು ಚೀಟಿ. ಮೂರೂ ಕೂಡಿಬಂದರೆ ಮಾತ್ರ ಮುಂಬಯಿಯ ಶ್ರೇಣಿ ಕೊಡುವ ಸಂಸ್ಥೆಗೆ ಕಳಿಸಿ ಎನ್ನುತ್ತಿದ್ದರು. ಅಲ್ಲಿ ಅಂಕ ಕೊಟ್ಟು, ಪಾರದರ್ಶಕ ಪೆಟ್ಟಿಗೆಯಲ್ಲಿ ಮುಚ್ಚಿ ಮುದ್ರೆ ಹಾಕಿದ ನಾಣ್ಯವನ್ನು ದೂರದೂರಿನ ಗಿರಾಕಿಯೂ ನಂಬಿ ಕೊಳ್ಳುತ್ತಾನೆ. ಆದರೆ ಶುಲ್ಕ, ಕೊರಿಯರು, ವಿಮೆ ಎಲ್ಲ ಸೇರಿದರೆ ಸಾಧಾರಣ ವರ್ಷದ ನಾಣ್ಯ ಎಷ್ಟು ಚೆಂದವಿದ್ದರೂ ಖರ್ಚು ಹುಟ್ಟುವುದಿಲ್ಲ. ಬಂಕಾಪುರದ ಖಲಂದರ ಎಂಬ ವ್ಯಾಪಾರಿ ಹಟ ಹಿಡಿದಾಗ ಸರ್ ನಕ್ಕಿದ್ದರು: "ಎರಡ ಸಾವಿರದ ನಾಣ್ಯಾಕ ಮೂರ ಸಾವಿರದ ಪೆಟಗಿ ಮಾಡಸ್ತೀ ಏನಪಾ? ಮನ್ಯಾಗ ಇಟ್ಟು ಮಕ್ಕಳಿಗೆ ತೋರಸು ಹೋಗು."

2013ರಲ್ಲಿ ನಮ್ಮ ಮನೆಯಲ್ಲೂ ಒಂದು ಸಿಕ್ಕಿತು. ತೀರಿಹೋದ ಅಜ್ಜಿಯ ಹರಕು ಕೌದಿಯ ಹೊಲಿಗೆ ಬಿಚ್ಚಿದಾಗ ಮೂಲೆಯಲ್ಲಿ ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ, ಯಾರ ಕೈಯೂ ಸವೆಸದ ಹೊಸ ರೂಪಾಯಿ. ಅದರ ಅಪರೂಪದ ವರ್ಷವನ್ನು ಇಲ್ಲಿ ಬರೆಯುವುದಿಲ್ಲ; ಬರೆದರೆ ನಾಳೆ ತಿಳವಳ್ಳಿಯಲ್ಲಿ ಒಂದು ಕೌದಿಯೂ ಉಳಿಯದು. ಅದೇ ತಿಂಗಳು ತಂಗಿ ಹೇಮಾಗೆ ನರ್ಸಿಂಗ್ ಸೀಟು ಸಿಕ್ಕಿತ್ತು, ಶುಲ್ಕ ಹುಟ್ಟಿರಲಿಲ್ಲ. ನಾಣ್ಯಕ್ಕೆ ಅರವತ್ತೈದು ಅಂಕ ಬಂದರೆ ಮೂರು ವರ್ಷದ ಶುಲ್ಕವೂ ಅದರಲ್ಲೇ ಕಳೆಯುತ್ತಿತ್ತು. ಅವ್ವ ಶಾರವ್ವ, ನಾನು ಶಿಗ್ಗಾಂವಕ್ಕೆ ಎರಡು ಸಲ ಹೋಗಿಬಂದೆವು; ಎರಡು ಚೀಟಿ ಆದವು. ಎರಡನೆಯ ದಿನ ಸರ್ ಭೂತಗನ್ನಡಿ ಇಟ್ಟು, "ಇಂಥಾದ್ದು ನಾ ಕೈಯಾಗ ಹಿಡದಿಲ್ರಿ, ಶಾರವ್ವಾರ" ಎಂದರು. ದಾರಿಯುದ್ದಕ್ಕೂ ಅವ್ವ ಬಸ್ಸಿನಲ್ಲಿ ಸಂಗಡ ಕುಳಿತವರಿಗೆಲ್ಲ ಅದನ್ನೇ ಹೇಳಿದಳು.

ಮೂರನೆಯ ಚೀಟಿ ಸೋಮವಾರಕ್ಕಿತ್ತು. ಭಾನುವಾರ ಅವ್ವ ಹೊಲಕ್ಕೆ ಹೋದಾಗ ನಾನು ಆ ನಾಣ್ಯವನ್ನು ತೊಳೆದೆ.

ಹೌದು, ನಾನೇ. ಇತಿಹಾಸದಲ್ಲಿ ಎಂ.ಎ. ಮುಗಿಸಿದ ನಾನೇ. ಮುಟ್ಟಬೇಡ ಎಂದು ಸರ್ ಹೇಳಿದ್ದರು. ಆದರೆ ಅದರ ಮೇಲೆ ನೀಲಿಬೂದು ಛಾಯೆಯಿತ್ತು, ಮುಂಬಯಿಯವರು ಮಾಸಿದೆ ಅಂದಾರು ಎಂಬ ಚಡಪಡಿಕೆ ನನಗೆ. ದೀಪಾವಳಿ ಅಮಾವಾಸ್ಯೆಗೆ ಪೂಜೆಗಿಡುವ ದುಡ್ಡನ್ನು ಹುಣಸೆಹಣ್ಣು, ಒಲೆಬೂದಿ ಹಚ್ಚಿ ತಿಕ್ಕುವುದು ನಮ್ಮಲ್ಲಿ ಸಣ್ಣಂದಿನಿಂದ ಹುಡುಗಿಯರ ಕೆಲಸ. ಹತ್ತು ನಿಮಿಷ ತಿಕ್ಕಿದೆ. ಫಳಫಳ ಹೊಳೆಯಿತು. ನನಗೆ ಎಷ್ಟು ಖುಷಿಯಾಯಿತೆಂದರೆ, ಅದನ್ನು ನೆನೆದರೆ ಇಂದಿಗೂ ಮೈ ಉರಿಯುತ್ತದೆ.

ಸೋಮವಾರ ಅವ್ವ ಕಾಲೇಜಿನ ವರಾಂಡದ ಬೆಂಚಿನ ಮೇಲೆ ಕುಳಿತಿದ್ದಳು. ಒಳಗೆ ಸರ್ ನಾಣ್ಯವನ್ನು ಬೆಳಕಿಗೆ ಓರೆಮಾಡಿದರು. ಚೀಟಿಯ ಮೇಲೆ ಪೆನ್ಸಿಲು ಇಟ್ಟವರು ಹಾಗೇ ತೆಗೆದರು.

"ಹುಣಸಿಹಣ್ಣೇನು?" ಎಂದರು ಮೆಲ್ಲಗೆ.

ತಲೆಯಾಡಿಸಿದೆ. ತಿಕ್ಕಿದ ಗೀರುಗಳನ್ನು ಭೂತಗನ್ನಡಿಯಲ್ಲಿ ತೋರಿಸಿದರು. ಇಂಥ ನಾಣ್ಯಕ್ಕೆ ಮುಂಬಯಿಯಲ್ಲಿ ಅಂಕವನ್ನೇ ಕೊಡುವುದಿಲ್ಲ. ತೊಳೆದದ್ದು ಎಂದು ಬರೆದು ಕಳಿಸುತ್ತಾರೆ, ಅಷ್ಟೇ.

"ಅವ್ವಗ ಗೊತ್ತೈತೇನು?"

ಇಲ್ಲವೆಂದೆ. ಅವರು ಎದ್ದು ಹೊರಗೆ ಹೋದರು. "ಶಾರವ್ವಾರ, ಕಳಸೂದು ಬ್ಯಾಡ್ರಿ. ರೊಕ್ಕಾ ದಂಡ ಆಕ್ಕೈತಿ. ಮೊದಲ ಎರಡ ಸಲ ನಾನ ತಪ್ಪ ನೋಡಿದ್ದೆ."

ಅವ್ವ ಎದ್ದು ನಿಂತಳು. "ಹಂಗಾರ ಆಸೆ ಯಾಕ ಹಚ್ಚಿದ್ರಿ? ತಿಳೀದಿದ್ರ ತಿಳಿಯೂದಿಲ್ಲ ಅನ್ನಬೇಕಿತ್ತಿಲ್ರಿ? ನನ್ನ ಮಗಳ ಸೀಟು ಹೋಗತೈತಿ!"

ವರಾಂಡದ ತುಂಬ ವಿದ್ಯಾರ್ಥಿಗಳಿದ್ದರು. ಅವರೆಲ್ಲರ ಮುಂದೆ ಸರ್ ಕೈಮುಗಿದು, "ತಪ್ಪಾತ್ರಿ" ಎಂದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಎಲ್ಲರ ಮೇಲೆ ಸಿಟ್ಟು ಮಾಡುವ ನನ್ನ ಬಾಯಿಗೆ ಅಂದು ಏನು ಬಡಿದಿತ್ತೋ!

ಹೇಮಾಳ ಸೀಟು ಹೋಯಿತು. ಒಂದು ವರ್ಷ ಅವಳು ಹಾನಗಲ್ಲಿನ ಬಟ್ಟೆ ಅಂಗಡಿಯಲ್ಲಿ ದುಡಿದು, ಮರುವರ್ಷ ಸರಕಾರಿ ಸೀಟು ಪಡೆದಳು. ಅವ್ವ ಮಾತ್ರ ತಿಳವಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರಿಗೆಲ್ಲ "ಶಿಗ್ಗಾಂವದ ಆ ಮಾಸ್ತರಗ ನಾಣ್ಯಾ ತಿಳಿಯೂದಿಲ್ರಿ" ಎಂದು ಹೇಳುತ್ತಲೇ ಬಂದಳು. ಆ ಕಡೆಯ ಊರುಗಳವರು ಸರ್ ಮೇಜಿಗೆ ಬರುವುದೇ ನಿಂತುಹೋಯಿತು. 2017ರಿಂದ ಐದು ವರ್ಷ, ಹಿರೇಕೆರೂರಿಗೆ ಹೋಗುವತನಕ, ನಾನು ಅದೇ ವಿಭಾಗದಲ್ಲಿ ಅವರ ಸಹೋದ್ಯೋಗಿಯಾಗಿದ್ದೆ. ಒಮ್ಮೆ ತಡೆಯಲಾರದೆ, "ಯಾಕ ಸರ್ ಹಂಗ ಅಂದ್ರಿ?" ಎಂದು ಕೇಳಿದೆ. ಅವರು ಪತ್ರಿಕೆ ತಿದ್ದುತ್ತಲೇ ಹೇಳಿದರು: "ನೀ ಅವರ ಮನ್ಯಾಗ ಇರಾಕಿ, ನಾ ಸವಣೂರಾಗ ಇರಾಂವ. ಅವರ ಸಿಟ್ಟು ನನಗ ದೂರ ಬೀಳತೈತಿ." ಹೇಮಾಳ ಮದುವೆಯ ಮರುದಿನ ಅವರು ಉಡುಗೊರೆ ಹಿಡಿದು ನಮ್ಮ ಮನೆಗೆ ಬಂದಾಗ, ಅವ್ವ ಬಾಗಿಲಲ್ಲೇ ಮಾತನಾಡಿಸಿ ಕಳಿಸಿದಳು. ಆಗಲೂ ನಾನು ಬಾಯಿಬಿಡಲಿಲ್ಲ.

ಕಳೆದ ಭಾನುವಾರ ತಿಳವಳ್ಳಿಗೆ ಹೋಗಿ, ಓದು ಬಾರದ ಅವ್ವನ ಎದುರು ಕುಳಿತು ಇಲ್ಲಿಯವರೆಗಿನದನ್ನು ಓದಿದೆ. ಅಕ್ಕಿ ಆರಿಸುತ್ತಿದ್ದ ಅವಳ ಕೈ ನಿಂತಿತು. ಬೈಯುತ್ತಾಳೆಂದು ಕಾದೆ, ಬೈದಿದ್ದರೆ ಚೆನ್ನಾಗಿತ್ತು.

"ರೂಪಾಯಿ ಹೋತು, ಹೋಗ್ಲಿ," ಎಂದಳು. ಮೊರವನ್ನು ಪಕ್ಕಕ್ಕೆ ಸರಿಸಿ, "ಅಂಥಾ ಮನಷ್ಯಾ ಬಾಗಲಕ ಬಂದಾಗ ಒಂದ ಕಪ್ ಚಾ ಕುಡೀರಿ ಅನ್ಲಿಲ್ಲಲ್ಲ ನಾ" ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಮರುದಿನ ಬೆಳಿಗ್ಗೆ ನಾನು ಏಳುವ ಮೊದಲೇ ಅವಳು ಮೂರು ಮನೆಗೆ ಹೋಗಿ ಹೇಳಿ ಬಂದಿದ್ದಳು.

ಪೂಜ್ಯ ಗುರುಗಳೇ, ತಾವು ಆಯುರಾರೋಗ್ಯದಿಂದ ನೂರು ವರ್ಷ ಬಾಳಬೇಕು. ಸವಣೂರಿನ ಮನೆಯ ಕಿಟಕಿಯ ಬಳಿಯೂ ಒಂದು ಮೇಜು ಹಾಕಿ, ಬಂದವರ ನಾಣ್ಯಗಳನ್ನು ಮೂರು ಮೂರು ದಿನ ನೋಡುತ್ತಲೇ ಇರಬೇಕು. ಹನ್ನೆರಡು ವರ್ಷ ತಾನು ಹೇಳಿದ್ದನ್ನೆಲ್ಲ ಅವ್ವ ಈಗ ಮನೆಮನೆಗೆ ತಿರುಗಿ ಸುಳ್ಳೆಂದು ಹೇಳಬೇಕಾಗಿದೆ. ಅವಳಿಗೆ ಮೊಣಕಾಲು ನೋವು ಸರ್, ನಿಧಾನವಾಗಿ ನಡೆಯುತ್ತಾಳೆ.