ತಿನ್ನದವಳ ಗಾಳ

ನಾನು ಮೀನು ತಿನ್ನುವುದಿಲ್ಲ, ಆದರೆ ಹಿಡಿಯುತ್ತೇನೆ. ಈ ವಿಷಯವನ್ನು ಮೈಸೂರಿನ ನಮ್ಮ ಬಳಗದಲ್ಲಿ ಇನ್ನೂ ಯಾರಿಗೂ ಹೇಳಿಲ್ಲ. ಭಾನುವಾರ ಬೆಳಿಗ್ಗೆ ಅಕ್ಕ ಫೋನ್ ಮಾಡಿ, “ಎಲ್ಲಿದೀಯೇ? ಅದೇನು ಅಷ್ಟೊಂದು ಗಾಳಿ?” ಎಂದರೆ “ವಾಕಿಂಗ್ ಬಂದಿದೀನಿ” ಎನ್ನುತ್ತೇನೆ. ಪೂರ್ತಿ ಸುಳ್ಳೂ ಅಲ್ಲ. ಮೀನು ಕಚ್ಚದ ಹೊತ್ತಿನಲ್ಲೆಲ್ಲ ನಾನು ದಂಡೆಯ ಮೇಲೆ ಅತ್ತಿಂದಿತ್ತ ನಡೆಯುತ್ತಲೇ ಇರುತ್ತೇನೆ.

ಕೂತಲ್ಲಿ ಕೂರಲಾಗದ್ದು ನನ್ನ ಹಳೆಯ ಕಾಯಿಲೆ. ನಾನೀಗಿರುವ ದ್ವೀಪನಗರದ ತಂಜಾಂಗ್ ಪಗಾರ್‌ನ ಬ್ಯಾಂಕೊಂದರಲ್ಲಿ, ಬೇರೆಯವರು ನಿಯಮ ಪಾಲಿಸುತ್ತಿದ್ದಾರೋ ಇಲ್ಲವೋ ಎಂದು ನೋಡುವುದು ನನ್ನ ಉದ್ಯೋಗ. ಮೀಟಿಂಗಿನಲ್ಲಿ ಮೇಜಿನ ಕೆಳಗೆ ನನ್ನ ಕಾಲು ತನ್ನಷ್ಟಕ್ಕೆ ಕುಣಿಯುತ್ತಿರುತ್ತದೆ. ಎಂಆರ್‌ಟಿಯಲ್ಲಿ ಸೀಟು ಸಿಕ್ಕಿದರೂ ಎರಡು ಸ್ಟೇಷನ್ ಮೊದಲೇ ಎದ್ದು ಬಾಗಿಲ ಬಳಿ ನಿಲ್ಲುತ್ತೇನೆ, ನಾನು ನಿಂತರೆ ರೈಲು ಬೇಗ ತಲುಪೀತು ಎನ್ನುವ ಹಾಗೆ. ಧ್ಯಾನದ ಕ್ಲಾಸಿಗೂ ಸೇರಿ ನೋಡಿದೆ. ನಿಮ್ಮ ಉಸಿರನ್ನು ಗಮನಿಸಿ ಎಂದರೆ ನಾನು ಪಕ್ಕದವರ ಉಸಿರನ್ನು ಗಮನಿಸುತ್ತಿದ್ದೆ. ಮೂರನೆಯ ವಾರ ಗುರುಗಳೇ “ನಿಮಗೆ ಈಜು ಒಗ್ಗಬಹುದೇನೋ” ಎಂದು ಮೆತ್ತಗೆ ಸಾಗಹಾಕಿದರು.

ಗಾಳದ ದಾರಿ ತೋರಿಸಿದವಳು ಸಹೋದ್ಯೋಗಿ ಫಿಯೋನಾ. ಅವಳು ಸ್ಕಾಟ್ಲೆಂಡಿನವಳು. ನದಿಯೊಂದು ಸಮುದ್ರ ಸೇರುವ ಕಡೆ ಅವಳ ಅಪ್ಪನ ಮನೆ. ಆ ನದಿಗೆ ಸಾಲ್ಮನ್ ಮೀನು ಬರುತ್ತದಂತೆ. ಈಗ ಸಾಲ್ಮನ್ ಕಡಿಮೆಯಾಗಿರುವುದರಿಂದ ಅಲ್ಲಿ ಹಿಡಿದವರು ಬಹುಮಟ್ಟಿಗೆ ನೀರಿಗೇ ಬಿಟ್ಟುಬಿಡುತ್ತಾರೆ. “ದಿನವಿಡೀ ನಿಲ್ಲಬಹುದು, ನಡೆಯಬಹುದು, ಕೋಲು ಬೀಸುತ್ತಿರಬಹುದು. ನೋಡಿದವರು ಮಾತ್ರ ನಿನ್ನನ್ನು ಶಾಂತಸ್ವಭಾವದವಳು ಅಂದುಕೊಳ್ಳುತ್ತಾರೆ” ಎಂದಳು. ನನಗೆ ಬೇಕಿದ್ದದ್ದು ಇದೇ. ಇಷ್ಟು ಮರ್ಯಾದೆಯುಳ್ಳ ಚಡಪಡಿಕೆ ಲೋಕದಲ್ಲಿ ಇನ್ನೊಂದಿರಲಾರದು. ಹಿಡಿದು ಬಿಡುವುದಾದರೆ ನನ್ನ ಸಸ್ಯಾಹಾರಕ್ಕೂ ಧಕ್ಕೆಯಿಲ್ಲ ಎಂದು ಲೆಕ್ಕ ಹಾಕಿ, ಮಡಚುವ ಕೋಲೊಂದನ್ನು ಕೊಂಡುತಂದೆ.

ಮನೆಯಲ್ಲಿ ನನ್ನ ಗಂಡ ಶ್ರೀಧರ್ ಒಂದೇ ಪ್ರಶ್ನೆ ಕೇಳಿದರು. “ಎರೆ ಎಲ್ಲಿಡ್ತೀಯ? ಫ್ರಿಜ್ಜಲ್ಲಿ ಸೀಗಡಿ ಇಟ್ರೆ ನಾನು ಹೋಟೆಲ್‌ಗೆ ಶಿಫ್ಟ್ ಆಗ್ತೀನಿ.”

“ಸೀಗಡಿ ಯಾಕ್ರೀ? ಪ್ಲಾಸ್ಟಿಕ್ ಮೀನು ಬರುತ್ತೆ. ಪ್ಯೂರ್ ವೆಜ್” ಎಂದೆ.

ಆ ಪ್ಯೂರ್ ವೆಜ್ ಮೀನು ಹೆಬ್ಬೆರಳಿಗಿಂತ ಸ್ವಲ್ಪ ಉದ್ದ, ಬೆಳ್ಳಿ ಬಣ್ಣ, ಹೊಟ್ಟೆಯಡಿ ಒಂದು, ಬಾಲದಲ್ಲಿ ಒಂದು ಮೂರು ಮೊನೆಯ ಕೊಕ್ಕೆ. ಒಟ್ಟು ಆರು ಮೊನೆ. ಆಗ ನಾನು ಅದನ್ನು ಎಣಿಸಿರಲಿಲ್ಲ.

ಟ್ಯಾಂಪಿನೀಸ್‌ನ ನಮ್ಮ ಮನೆಯಿಂದ ಬಸ್ಸು ಹಿಡಿದು ಸಮುದ್ರದಂಚಿನ ಪುಂಗೋಲ್ ಜೆಟ್ಟಿಗೆ ಹೋಗುವುದು ರೂಢಿಯಾಯಿತು. ಮೀನು ಹಿಡಿಯುವ ಹೆಚ್ಚಿನವರು ಜೆಟ್ಟಿಯ ಮೇಲೆ ನಿಲ್ಲುತ್ತಿದ್ದರು. ನಾನು ಪಕ್ಕದ ಬಂಡೆಗಳ ಮೇಲೆ, ನೀರು ಕೈಗೆಟುಕುವಲ್ಲಿ ನಿಲ್ಲುತ್ತಿದ್ದೆ. ಅಲ್ಲಿ ನನಗಿಂತ ಮುಂಚೆ ಬಂದು ಕೂತಿರುತ್ತಿದ್ದವರು ಸೆಂಗ್ ಅಂಕಲ್. ಎಪ್ಪತ್ತು ದಾಟಿದ, ಬಸ್ ಓಡಿಸಿ ನಿವೃತ್ತರಾದ ಮನುಷ್ಯ. ಒಂದು ಕೊಕ್ಕೆ, ಒಂದು ಸೀಗಡಿ, ಒಂದು ಪ್ಲಾಸ್ಟಿಕ್ ಸ್ಟೂಲು. ಊಟಕ್ಕೆ ಸಾಕಾಗುವಷ್ಟು ಮೀನು ಸಿಕ್ಕಿದ ಕೂಡಲೇ ಸ್ಟೂಲು ಮಡಚಿ ಎದ್ದುಬಿಡುತ್ತಿದ್ದರು, ಇನ್ನೂ ಏಳು ಗಂಟೆಯಾಗಿದ್ದರೂ ಸರಿಯೇ. ನನಗೆ ಅದು ಅರಸಿಕತನದಂತೆ ಕಾಣುತ್ತಿತ್ತು.

ನನ್ನ ಮೊದಲ ಮೀನನ್ನು ನೀರಿಗೆ ಬಿಟ್ಟಾಗ ಅವರು ಕೇಳಿದರು. (ಅವರ ಇಂಗ್ಲಿಷನ್ನು ನಾನಿಲ್ಲಿ ಕನ್ನಡಕ್ಕೆ ತಂದಿದ್ದೇನೆ, ಇಲ್ಲಿನವರ ಮಾತಿನ ಕೊನೆಗೆ ಅಂಟುವ ‘ಲಾ’ ಮಾತ್ರ ಅವರದೇ.) “ಆಂಟಿ, ತಿನ್ನಲ್ಲ ಅಂದ್ಮೇಲೆ ಯಾಕೆ ಹಿಡೀತೀರಾ?”

ನಾನು ಬಂಡೆಯ ಮೇಲೆ ನಿಂತೇ ಭಾಷಣ ಮಾಡಿದೆ. ಸಮುದ್ರದಲ್ಲಿ ಮೀನು ಕಡಿಮೆಯಾಗುತ್ತಿದೆ, ಹಿಡಿದು ಬಿಡುವುದೇ ನಾಗರಿಕರ ಲಕ್ಷಣ, ಒದ್ದೆ ಕೈಯಲ್ಲೇ ಮುಟ್ಟಬೇಕು, ನೀರಿನಿಂದ ಆಚೆ ಹೆಚ್ಚು ಹೊತ್ತು ಇಡಬಾರದು ಎಂದೆಲ್ಲ ಫಿಯೋನಾ ಹೇಳಿಕೊಟ್ಟದ್ದನ್ನು ಒಪ್ಪಿಸಿದೆ. ಅಂಕಲ್ ಪೂರ್ತಿ ಕೇಳಿಸಿಕೊಂಡು “ಓ, ಆಟ ಲಾ” ಎಂದು ತಮ್ಮ ಗಾಳದ ಕಡೆ ತಿರುಗಿದರು. ಆ ‘ಆಟ’ ನನ್ನನ್ನು ವಾರವಿಡೀ ಚುಚ್ಚಿತು.

ಆ ವಾರವೇ ಫಿಯೋನಾ ಒಂದು ವಿಚಿತ್ರ ಸಂಗತಿ ಹೇಳಿದಳು. ಸಾಲ್ಮನ್ ತಾನು ಹುಟ್ಟಿದ ನದಿಗೆ ಮೊಟ್ಟೆಯಿಡಲು ಹಿಂದಿರುಗುತ್ತದಲ್ಲ, ನದಿ ಹೊಕ್ಕಮೇಲೆ ಅದು ಹೆಚ್ಚುಕಡಿಮೆ ಉಪವಾಸ. ಆದರೂ ಗಾಳ ಕಚ್ಚುತ್ತದೆ. ಯಾಕೆ ಎನ್ನುವುದು ಖಚಿತವಾಗಿ ಗೊತ್ತಿಲ್ಲವಂತೆ. ಕೋಪವಿರಬಹುದು, ಹಳೆಯ ಅಭ್ಯಾಸವಿರಬಹುದು. ಇದನ್ನು ಕೇಳಿದಾಗಿನಿಂದ ನನಗೆ ನೆಮ್ಮದಿಯಿಲ್ಲ. ದಡದಲ್ಲಿ ಹಸಿವಿಲ್ಲದ ಮನುಷ್ಯ, ನೀರಿನಲ್ಲಿ ಹಸಿವಿಲ್ಲದ ಮೀನು. ನಡುವೆ ಒಂದು ಕೊಕ್ಕೆಗೆ ಮಾತ್ರ ತನ್ನ ಕೆಲಸವೇನೆಂದು ಸರಿಯಾಗಿ ಗೊತ್ತು.

ಗೊತ್ತಾದಮೇಲಾದರೂ ಬಿಟ್ಟೆನೇ? ಇಲ್ಲ. ಮುಂದಿನ ಭಾನುವಾರ ಎಂದಿಗಿಂತ ಮುಂಚೆಯೇ ಹೋದೆ.

ಅಂದು ದೊಡ್ಡದು ಕಚ್ಚಿತು. ಕೋಲು ಬಿಲ್ಲಿನಂತೆ ಬಾಗಿತು, ರೀಲು ಕಿರುಚಿತು. ಇಪ್ಪತ್ತು ನಿಮಿಷ ಅದು ಎಳೆಯಿತು, ನಾನು ಎಳೆದೆ. ನಿಜ ಹೇಳುತ್ತೇನೆ, ಆ ಇಪ್ಪತ್ತು ನಿಮಿಷ ನನಗೆ ಬೇರೆ ಯಾವ ಯೋಚನೆಯೂ ಬರಲಿಲ್ಲ. ಕೊನೆಗೆ ದಡಕ್ಕೆ ಬಂದದ್ದು ನನ್ನ ತೋಳಿನಷ್ಟು ಉದ್ದದ ಸಿಯಾಕಾಪ್, ಇಲ್ಲಿನ ಪ್ರತಿ ಹೋಟೆಲಿನಲ್ಲೂ ಹಬೆಯಲ್ಲಿ ಬೇಯಿಸಿ ಬಡಿಸುವ ಬೆಳ್ಳಿ ಮೈಯ ಮೀನು. ಬಾಲದ ಕೊಕ್ಕೆ ಅದರ ತುಟಿಯಲ್ಲಿತ್ತು. ಹೊಟ್ಟೆಯ ಕೊಕ್ಕೆ ಕಿವಿರಿನೊಳಗೆ ಹೊಕ್ಕಿತ್ತು. ನಾನು ಅದನ್ನು ನೋಡುವ ಮೊದಲೇ ಫೋನನ್ನು ಅಂಕಲ್ ಕೈಗೆ ಕೊಟ್ಟಾಗಿತ್ತು.

“ಒಂದು ಫೋಟೊ ಅಂಕಲ್!”

ಅವರು ತೆಗೆದರು. ನನ್ನ ಕಣ್ಣು ಮುಚ್ಚಿತ್ತು. ಇನ್ನೊಂದು ತೆಗೆಸಿದೆ, ಮೀನು ಒದ್ದಾಡಿ ಚಿತ್ರ ಅಲುಗಿತ್ತು. ಮೂರನೆಯದು ಚೆನ್ನಾಗಿ ಬಂತು. ಮೀನಿಗೆ ರೆಪ್ಪೆಯಿಲ್ಲ, ಮೂರು ಫೋಟೊದಲ್ಲೂ ಅದು ಕಣ್ಣು ಬಿಟ್ಟುಕೊಂಡೇ ಇದೆ. ಆಮೇಲೆ ಕೊಕ್ಕೆ ಬಿಡಿಸಲು ಹೋದಾಗ ಬೆರಳ ಸಂದಿಯಲ್ಲಿ ರಕ್ತ ಇಳಿಯತೊಡಗಿತು. ನನಗೆ ಗಾಬರಿಯಾಯಿತು. ಇಕ್ಕಳದಿಂದ ಎಳೆದೆ, ಕೊಕ್ಕೆ ಬಂತು, ಜೊತೆಗೆ ಕೆಂಪಗಿನ ಏನೋ ಒಂದಿಷ್ಟು ಬಂತು. ಬೇಗಬೇಗ ನೀರಿಗಿಳಿಸಿ ಬಿಟ್ಟೆ.

ಮೀನು ಹೋಗಲಿಲ್ಲ. ಪಕ್ಕಕ್ಕೆ ವಾಲಿ, ಬಿಳಿ ಹೊಟ್ಟೆ ತೋರಿಸಿಕೊಂಡು ತೇಲಿತು. ಮಂಡಿಯವರೆಗೆ ನೀರಿಗಿಳಿದು ಅದನ್ನು ಎರಡೂ ಕೈಯಲ್ಲಿ ಹಿಡಿದು, ಬಾಯೊಳಗೆ ನೀರು ನುಗ್ಗಲೆಂದು ಮುಂದಕ್ಕೆ ತಳ್ಳಿ ನಡೆಸಿದೆ. “ಹೋಗು, ಹೋಗೇ, ಹೋಗಮ್ಮಾ” ಎಂದು ಕನ್ನಡದಲ್ಲಿ ಬೇಡಿಕೊಂಡೆ. ಕೈ ಬಿಟ್ಟರೆ ಮತ್ತೆ ವಾಲುತ್ತಿತ್ತು. ಎಷ್ಟು ಸಲ ಹಾಗೆ ಮಾಡಿದೆನೋ.

“ಆಂಟಿ, ಸಾಕು” ಎಂದರು ಸೆಂಗ್ ಅಂಕಲ್. “ಅದು ಉಳಿಯಲ್ಲ.”

“ಇನ್ನೊಂದು ಸಲ ನೋಡೋಣ ಅಂಕಲ್.”

“ಈ ಇನ್ನೊಂದು ಸಲ ಅನ್ನೋದು ಯಾರಿಗೋಸ್ಕರ? ಮೀನಿಗೋ, ನಿಮಗೋ?”

ಉತ್ತರಕ್ಕೆ ಅವರು ಕಾಯಲಿಲ್ಲ. ತಮ್ಮ ಕೈಬಲೆಯಿಂದ ಮೀನನ್ನು ಎತ್ತಿ ಬಂಡೆಯ ಮೇಲಿಟ್ಟು, ಸ್ಟೂಲಿನ ಕೆಳಗಿಂದ ಒಂದು ಗಿಡ್ಡ ಮರದ ದೊಣ್ಣೆ ತೆಗೆದು ನನ್ನ ಕಡೆ ಚಾಚಿದರು. “ಕಣ್ಣಿನ ಹಿಂದೆ, ಒಂದೇ ಪೆಟ್ಟು, ಜೋರಾಗಿ. ಮೆತ್ತಗೆ ಹೊಡೆದ್ರೆ ಅದಕ್ಕೇ ಕಷ್ಟ.”

“ನನ್ನ ಕೈಲಾಗಲ್ಲ ಅಂಕಲ್. ನೀವೇ...”

“ಹಿಡಿದಿದ್ದು ನೀವು ಲಾ.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

ಇರುವೆ ಮೆಟ್ಟಿದರೂ ‘ಅಯ್ಯೋ’ ಎನ್ನುವ ಮನೆಯಲ್ಲಿ ಬೆಳೆದವಳು ನಾನು. ಆದರೆ ಎದುರಿಗೆ ಅದರ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಅದನ್ನು ನಿಲ್ಲಿಸಲು ಉಳಿದಿದ್ದದ್ದು ಒಂದೇ ದಾರಿ. ದೊಣ್ಣೆ ತೆಗೆದುಕೊಂಡೆ. ಒಂದೇ ಪೆಟ್ಟು ಹಾಕಿದೆ. ಬಾಯಿ ನಿಂತಿತು. ಅಂಕಲ್ ಮೀನನ್ನು ಚೀಲಕ್ಕೆ ಹಾಕಿ, ತಮ್ಮ ಗಾಳವನ್ನೂ ಸುತ್ತಿ, “ಇವತ್ತಿಗೆ ಇದೇ ಸಾಕು. ಊಟಕ್ಕೆ ಬನ್ನಿ, ಹತ್ತಿರವೇ ಮನೆ” ಎಂದರು. ಅವರ ಹಿಂದೆ ಹೋಗದೆ ಇನ್ನೆಲ್ಲಿಗೆ ಹೋಗಲಿ?

ಆರನೆಯ ಮಹಡಿಯ ಅವರ ಮನೆಯಲ್ಲಿ ಹೆಂಡತಿ ಮೇ ಆಂಟಿ ಮೀನಿಗೆ ಶುಂಠಿ ಹಾಕಿ ಹಬೆಯಲ್ಲಿ ಬೇಯಿಸಿದರು. ನನಗೆ ಬೇರೆ ಬಾಣಲೆ ತೊಳೆದಿಟ್ಟು, ಮೊಟ್ಟೆ ಹಾಕದೆ, ಎಲೆಕೋಸು ಹಾಕಿ ಶಾವಿಗೆ ಹುರಿದುಕೊಟ್ಟರು. ಆ ದಂಪತಿ ಮೀನನ್ನು ತಿಂದ ರೀತಿಯನ್ನು ನಾನು ಮರೆಯಲಾರೆ. ಅವಸರವಿಲ್ಲ. ಕೆನ್ನೆಯ ಮಾಂಸವನ್ನು ಅವರು ಹೆಂಡತಿಯ ತಟ್ಟೆಗೆ ಹಾಕಿದರು. ಆಕೆ ಹೊಟ್ಟೆಯ ಭಾಗವನ್ನು ಗಂಡನ ಕಡೆ ಸರಿಸಿದರು. ಕೊನೆಗೆ ಬಾಚಣಿಗೆಯಂಥ ಮುಳ್ಳು ಮಾತ್ರ ಉಳಿಯಿತು. ನನ್ನ ಕಣ್ಣು ಬೇರೆ ಕಡೆ ಹೋಗಲಿಲ್ಲ. ನಾನು ನೀರಿಗೆ ಬಿಟ್ಟ ಉಳಿದ ಮೀನುಗಳೆಲ್ಲ ಏನಾದವು ಎಂಬ ಪ್ರಶ್ನೆ ಮೊದಲ ಸಲ ಬಂದದ್ದು ಆ ಊಟದ ಮೇಜಿನಲ್ಲಿ. ಬಾಲ ಬೀಸಿ ಹೋದದ್ದನ್ನಷ್ಟೇ ನಾನು ನೋಡಿದ್ದೆ. ಹತ್ತು ಅಡಿ ಆಚೆ ಏನಾಯಿತೆಂದು ನೋಡಿದವರಿಲ್ಲ.

ಮನೆಗೆ ಬಂದಾಗ ಶ್ರೀಧರ್ ಮೂಗು ಮುಚ್ಚಿಕೊಂಡರು. “ಏನೇ ಇದು ವಾಸನೆ? ಬಿಟ್ಟು ಬಂದೆ ತಾನೇ?”

“ಇಲ್ಲ ರೀ. ಇವತ್ತು ಬಿಡೋಕಾಗ್ಲಿಲ್ಲ.”

“ತಿಂದ್ಯಾ?”

“ಇಲ್ಲ. ಸಾಯಿಸಿದೆ.”

ಅವರು ನನ್ನ ಮುಖ ನೋಡಿದರು. ಹೋಟೆಲಿನ ತಮಾಷೆ ಮಾಡಲಿಲ್ಲ. ಒಳಗೆ ಹೋಗಿ ಕಾಫಿ ಬೆರೆಸಿ ತಂದು, ನಾನು ಕುಡಿಯುವವರೆಗೂ ಪಕ್ಕದಲ್ಲೇ ಕೂತಿದ್ದರು. ಆ ಮೂರನೆಯ ಫೋಟೊವನ್ನು ನಾನು ಫಿಯೋನಾಗೆ ಕಳಿಸಲಿಲ್ಲ, ಅಳಿಸಲೂ ಇಲ್ಲ.

ಇಷ್ಟಾದಮೇಲೆ ಗಾಳ ಎಸೆದುಬಿಟ್ಟೆ ಎಂದು ನೀವು ನಿರೀಕ್ಷಿಸಿದ್ದರೆ ಕ್ಷಮಿಸಿ. ಎರಡು ಭಾನುವಾರ ಮನೆಯಲ್ಲೇ ಇದ್ದೆ. ಕಪಾಟುಗಳನ್ನೆಲ್ಲ ಜೋಡಿಸಿ, ಮತ್ತೆ ಕೆಡವಿ, ಮತ್ತೆ ಜೋಡಿಸಿದ್ದು ನೋಡಿ ಶ್ರೀಧರ್ ಅವರೇ “ಹೋಗಿ ಬಾರೇ ಮಹರಾಯ್ತಿ” ಎಂದರು. ಈಗ ಒಂದೇ ಕೊಕ್ಕೆ. ಎಳೆದಾಗ ಮಾಂಸಕ್ಕೆ ಸಿಕ್ಕಿಕೊಳ್ಳುವ ಅದರ ಹಿಮ್ಮುಳ್ಳನ್ನು ಇಕ್ಕಳದಿಂದ ಅದುಮಿ ನುಣುಪು ಮಾಡಿಕೊಂಡಿದ್ದೇನೆ. ಫೋನು ಚೀಲದಲ್ಲೇ ಇರುತ್ತದೆ. ಕೊಕ್ಕೆ ಆಳಕ್ಕೆ ಹೊಕ್ಕಿದ್ದರೆ ಆ ಮೀನು ಸೆಂಗ್ ಅಂಕಲ್ ಮನೆಗೆ. ದೊಣ್ಣೆಯ ಕೆಲಸ ನನ್ನದು. ಚಿಕ್ಕದಾಗಿದ್ದು ತುಟಿಯಲ್ಲಷ್ಟೇ ಸಿಕ್ಕಿದ್ದರೆ ನೀರೊಳಗೇ ಬಿಡಿಸುತ್ತೇನೆ. ಇದು ಸರಿಯೋ ತಪ್ಪೋ ಗೊತ್ತಿಲ್ಲ. ಬ್ಯಾಂಕಿನಲ್ಲಾದರೆ ಇಂಥ ವ್ಯವಸ್ಥೆಗೆ ಕೆಂಪು ಶಾಯಿಯಲ್ಲಿ ಷರಾ ಬರೆಯುತ್ತಿದ್ದೆ. ಭಾಷಣ ಮಾತ್ರ ನಿಂತಿದೆ.

ಕಳೆದ ಭಾನುವಾರ ಏನೂ ಕಚ್ಚಲಿಲ್ಲ. ಮೂರು ಗಂಟೆ ಹೊತ್ತು ನಾನು ನಡೆದೆ, ಅಂಕಲ್ ಕೂತರು. ಬಿಸಿಲೇರಿದ ಮೇಲೆ ಜಾಗಿಂಗ್ ಮಾಡುತ್ತ ಬಂದ ಒಬ್ಬ ಹೆಂಗಸು ನಿಂತು, ನಮ್ಮ ಖಾಲಿ ಬಕೆಟ್ಟಿನೊಳಗೆ ಇಣುಕಿ, “ಎಲ್ಲ ಬಿಟ್ಟುಬಿಟ್ರಾ ಅಂಕಲ್?” ಎಂದು ಮೆಚ್ಚುಗೆಯಿಂದ ಕೇಳಿದಳು.

ಅಂಕಲ್ ಸ್ಟೂಲು ಮಡಚುತ್ತ ಹೇಳಿದರು: “ಇಲ್ಲ ಲಾ. ಇವತ್ತು ಮೀನೇ ನಮ್ಮನ್ನ ಬಿಟ್ಟುಬಿಡ್ತು.”