ದುಂಡಸಿಯ ಪಿಕಪ್

ಹೆಂಡತಿ ತೀರಿಕೊಂಡ ಮೂರನೆಯ ತಿಂಗಳಲ್ಲಿ ನಾನು ಹಳೆಯ ಪಿಕಪ್ ಒಂದನ್ನು ಹುಡುಕತೊಡಗಿದೆ. ನಾವಿಬ್ಬರೂ ಹದಿನಾಲ್ಕು ವರ್ಷ ಸಂತೆಗಳಲ್ಲಿ ಪ್ಲಾಸ್ಟಿಕ್ ಕೊಡ, ಬುಟ್ಟಿ, ಬಕೆಟ್ ಮಾರಿದವರು. ಸವಣೂರು, ಶಿಗ್ಗಾಂವಿ, ಹಾನಗಲ್ಲು, ಕೆಲವೊಮ್ಮೆ ಹಿರೇಕೆರೂರು. ಬಾಡಿಗೆ ಗಾಡಿ ದಾರಿಯಲ್ಲಿ ಕೆಟ್ಟು ನಿಂತರೆ ಅವಳು ಸಾಮಾನು ಕಾಯುತ್ತ ಕೂರುತ್ತಿದ್ದಳು, ನಾನು ಇನ್ನೊಂದು ಗಾಡಿ ತರಲು ಹೋಗುತ್ತಿದ್ದೆ. ಈಗ ಕೂರುವವರಿಲ್ಲ. ಸ್ವಂತ ಗಾಡಿ ಬೇಕಿತ್ತು, ಅದೂ ನಡುದಾರಿಯಲ್ಲಿ ನಿಲ್ಲದಂಥದ್ದು.

ಓಡಿಸಲು ನನಗೆ ಬರುತ್ತದೆ, ಇಂಜಿನ್ನಿನ ಒಳಗಿನದು ತಿಳಿಯದು. ಟ್ರ್ಯಾಕ್ಟರ್ ರಿಪೇರಿ ಮಾಡುವ ಅವಳ ತಮ್ಮನನ್ನು, ಅಂದರೆ ನನ್ನ ಮೈದುನನನ್ನು, ಜೊತೆಗೆ ಕರೆದುಕೊಂಡೆ.

ಮೊದಲು ಹಾನಗಲ್ಲಿನಲ್ಲಿ ಒಂದನ್ನು ನೋಡಿದೆವು. ಹೊಸ ಬಣ್ಣ, ಚೆಂಡುಹೂವಿನ ಮಾಲೆ. ಹೆಣ ಸಾಗಿಸಿದ ಗಾಡಿಯನ್ನು ನಮ್ಮ ಕಡೆ ಹೆಚ್ಚಿನವರು ಕೊಳ್ಳುವುದಿಲ್ಲ. ಮೈದುನ ಅದನ್ನೇ ಮೊದಲು ಕೇಳಿದ.

“ಏ, ಬಿಡ್ತು ಅನ್ರಿ! ಸತ್ತ ಕೋಳಿ ಸುದ್ದಾ ಏರಿಲ್ಲ ಇದರಾಗ,” ಎಂದ ಮಾಲೀಕ.

ಮೈದುನ ಬಾನೆಟ್ ಮುಟ್ಟಿ ನೋಡಿದ. ಬಿಸಿಯಿತ್ತು. “ನಾವ್ ಬರೂದ್ರೊಳಗ ಚಾಲೂ ಮಾಡಿ ಇಟ್ಟೀರಿ. ತಣ್ಣಗಿದ್ದಾಗ ಏಳಂಗಿಲ್ಲೇನ್ರಿ ಇದು?”

“ಬಿಸಲಾಗ ನಿಂತೈತ್ರಿ, ಅದಕ್ಕ.”

ಗಾಡಿ ಹುಣಸೆಮರದ ನೆರಳಿನಲ್ಲಿ ನಿಂತಿತ್ತು. ನಾವು ಬಂದ ಬಸ್ಸಿಗೇ ಮರಳಿದೆವು.

ಆಮೇಲೆ ದುಂಡಸಿ ಎಂಬ ಊರಿನಲ್ಲಿ ನೋಡಿದ ಗಾಡಿಯನ್ನು ಯಾರೂ ತೊಳೆದೂ ಇರಲಿಲ್ಲ. ಹಿಂಭಾಗದಲ್ಲಿ ಗೋವಿನಜೋಳದ ಒಣ ಸಿಪ್ಪೆ, ರವದಿ, ಬಿದ್ದಿತ್ತು. ಬಾನೆಟ್ ತಣ್ಣಗಿತ್ತು. ಎರಡನೆಯ ಸಲಕ್ಕೆ ಇಂಜಿನ್ ಎದ್ದಿತು, ಹೊಗೆ ನೀಲಿಯಾಗಿರಲಿಲ್ಲ. ಮೈದುನ ಕಾಲಡಿಯ ಮ್ಯಾಟ್ ಎತ್ತಿ ತುಕ್ಕು ಹುಡುಕಿದ, ಗಾಡಿಯ ಕೆಳಗೆ ಅಂಗಾತ ಮಲಗಿ ಚಾಸಿ ತಟ್ಟಿದ, ಏರಿನಲ್ಲಿ ನಿಲ್ಲಿಸಿ ಕ್ಲಚ್ ನೋಡಿದ. ಎದ್ದು ಬಂದಾಗ ಅವನ ಮುಖ ಗೆಲುವಾಗಿತ್ತು. ಕೈ ಒರೆಸಿಕೊಳ್ಳುತ್ತ ಹೆಣದ ಪ್ರಶ್ನೆಯನ್ನು ಇಲ್ಲಿಯೂ ಕೇಳಿದ.

ಮಾಲೀಕ, ನನ್ನಷ್ಟೇ ವಯಸ್ಸಿನವನು, ಹೇಳಿದ: “ಹೊತ್ತೈತ್ರಿ. ಎರಡು ಸಲ, ಹುಬ್ಬಳ್ಳಿ ದವಾಖಾನಿಯಿಂದ. ನಮ್ಮ ಓಣ್ಯಾನವರ್ರಿ. ಯಾರೂ ಬರಲಿಲ್ಲ, ನಾ ಹೋದ್ನಿ.”

“ನಡಿ ಮಾಮಾ. ಬ್ಯಾಡ,” ಎಂದ ಮೈದುನ.

ನಾನು ಕದಲಲಿಲ್ಲ. ಮೂರು ತಿಂಗಳ ಹಿಂದೆ ಅವಳನ್ನು ಊರಿಗೆ ತರಲು ಹುಬ್ಬಳ್ಳಿಯ ಆಸ್ಪತ್ರೆಯ ಹೊರಗೆ ಈ ಮೈದುನನೇ ಗಾಡಿಯಿಂದ ಗಾಡಿಗೆ ಕೈಮುಗಿಯುತ್ತ ಹೋಗಿದ್ದ. ಮೂವರು ಒಲ್ಲೆವೆಂದರು. ನಾಲ್ಕನೆಯವನು ಹಿಂಬಾಗಿಲು ಇಳಿಸಿದ. ಊರು ಮುಟ್ಟುವವರೆಗೆ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಆ ಗಾಡಿಯನ್ನೂ ಮುಂದೆಂದಾದರೂ ಯಾರಾದರೂ ನೋಡಲು ಬರುತ್ತಾರೆ, ಇದೇ ಪ್ರಶ್ನೆ ಕೇಳುತ್ತಾರೆ. ಆ ನಾಲ್ಕನೆಯವನು ಏನೆಂದಾನೋ.

ಇದನ್ನು ಮೈದುನನಿಗೆ ನೆನಪಿಸುವ ಬದಲು ಮಾಲೀಕನನ್ನು ಕೇಳಿದೆ: “ಹುಬ್ಬಳ್ಳಿಯಿಂದ ಬರಬೇಕಾದ್ರ ಎಲ್ಲ್ಯಾರ ನಿಂತಿತ್ತೇನ್ರಿ?”

“ಒಮ್ಮೆ ನಿಂತಿತ್ರಿ, ಫ್ಯಾನ್ ಬೆಲ್ಟ್ ಹರದು. ಸುಳ್ಳ್ಯಾಕ ಹೇಳ್ಲಿ? ಆವಾಗಿಂದ ಇನ್ನೊಂದು ಬೆಲ್ಟ್ ಸೀಟಿನ ಬುಡಕ ಇಟಗೊಂಡೇ ತಿರಗಾಕತ್ತೇನಿ. ಅದನ್ನೂ ಒಯ್ರಿ.”

ಅಲ್ಲಿಯೇ ಬೆಲೆ ಮಾತಾಡಿ ವ್ಯಾಪಾರ ಮುಗಿಸಿದೆ. ವಾರದ ನಂತರ ಕಾಗದಪತ್ರ ಮಾಡಿಸಿಕೊಂಡು ಗಾಡಿ ತರಲು ಹೋದಾಗ ಮೈದುನ ನನ್ನ ಜೊತೆ ದುಂಡಸಿಯವರೆಗೆ ಬಂದ. ಟೈರಿನ ಗಾಳಿ, ಎಣ್ಣೆ, ನೀರು ಇನ್ನೊಮ್ಮೆ ನೋಡಿದ. ಆದರೆ ಗಾಡಿ ಹತ್ತಲಿಲ್ಲ.

“ಸಿಟ್ಟಾಗಬ್ಯಾಡ ಮಾಮಾ. ನನ್ನ ಕಡಿಂದ ಆಗಂಗಿಲ್ಲ. ಅಕ್ಕನ ಮಾರಿ ಕಣ್ಮುಂದ ಬರ್ತೈತಿ. ಬಸ್ಸಿಗೆ ಬರ್ತೇನಿ.”

ಹುಬ್ಬಳ್ಳಿಯ ಆ ದಿನವನ್ನು ಅವನೂ ಮರೆತಿರಲಿಲ್ಲ ಎಂದು ಆಗ ತಿಳಿಯಿತು.

ಒಬ್ಬನೇ ಹೊರಟೆ. ಹಿಂಭಾಗ ಕಣ್ಣಿಗೆ ಬೀಳದಂತೆ ಒಳಗಿನ ಕನ್ನಡಿಯನ್ನು ಚಾವಣಿಯ ಕಡೆಗೆ ತಿರುಗಿಸಿದ್ದೆ. ಗಾಡಿ ಚೆನ್ನಾಗಿ ಓಡಿತು, ಯಾವ ಪಕ್ಕಕ್ಕೂ ಎಳೆಯಲಿಲ್ಲ. ಶಿಗ್ಗಾಂವಿ ದಾಟಿ ಸವಣೂರಿನ ದಾರಿಯಲ್ಲಿ ಹಿಂದಿನಿಂದ ಲಾರಿಯೊಂದು ಬಿಡದೆ ಹಾರ್ನ್ ಹೊಡೆಯತೊಡಗಿತು. ಕನ್ನಡಿಯನ್ನು ಸರಿಮಾಡಿ ನೋಡಲೇಬೇಕಾಯಿತು. ಖಾಲಿ ಹಿಂಭಾಗದಲ್ಲಿ ರವದಿ ಗಾಳಿಗೆ ಸುತ್ತುತ್ತಿತ್ತು. ಲಾರಿಗೆ ದಾರಿ ಬಿಟ್ಟೆ.